ಹಂದಿಯ ಕಿಡ್ನಿ ಮತ್ತು ಪಾಣೆಮಂಗಳೂರಿನ ಕಾಕ

ಮಣಿಕಟ್ಟಿನಿಂದ ಮೊಣಕೈವರೆಗೆ ಕಾಕನ ಎಡಗೈಯ ರಕ್ತನಾಳ ಹಗ್ಗದ ಹಾಗೆ ಉಬ್ಬಿತ್ತು. ವರ್ಷಗಟ್ಟಲೆ ಡಯಾಲಿಸಿಸ್ ಸೂಜಿ ಚುಚ್ಚಿಸಿಕೊಂಡ ಕೈ. ಬಿ.ಸಿ.ರೋಡಿನ ಆಸ್ಪತ್ರೆಗೆ ನಾನು ಮೊದಲ ಸಲ ಡಯಾಲಿಸಿಸ್‌ಗೆ ಹೋದ ದಿನ ಅವರು ಪಕ್ಕದ ಮಂಚದಲ್ಲಿದ್ದರು. ನನ್ನ ಮುಖ ನೋಡಿ, "ಹೆದರ್ಬೇಡಿ, ನಿಮ್ಮದೂ ಹೀಗೇ ಆಗ್ತದೆ. ಬಳೆ ಮಾತ್ರ ಇನ್ನೊಂದು ಕೈಗೆ ಹಾಕಿ" ಎಂದರು.

ಪಾಣೆಮಂಗಳೂರಿನ ಬ್ಯಾರಿ ಮುಸ್ಲಿಂ ಮನೆತನದವರು. ಗಲ್ಫಿನಲ್ಲಿ ಕೆಫೆಟೇರಿಯಾ ನಡೆಸಿ, ಸಕ್ಕರೆ ಕಾಯಿಲೆಗೆ ಎರಡೂ ಕಿಡ್ನಿ ಕಳೆದುಕೊಂಡು ಊರಿಗೆ ಮರಳಿದ್ದರು. ನರ್ಸಮ್ಮನಿಂದ ಹಿಡಿದು ನಮಗೆಲ್ಲರಿಗೂ ಅವರು ಕಾಕ. ನಮಗೆ ನೀರು ಅಳೆದು ಕುಡಿಯಬೇಕಾದ ಕಷ್ಟ. ಬಾಯಾರಿಕೆ ಸುಡುತ್ತಿದ್ದರೆ ಕಾಕ ಜೇಬಿನಿಂದ ಏಲಕ್ಕಿ ತೆಗೆದು ಮಂಚದಿಂದ ಮಂಚಕ್ಕೆ ದಾಟಿಸುತ್ತಿದ್ದರು. ಯಂತ್ರ ನಿಂತು, ಹಿಂಡಿದ ಬಟ್ಟೆಯಂತಾಗಿ ಎದ್ದು ಕೂತಾಗ ಅವರ ಮಾತು ಒಂದೇ: "ಇವತ್ತಿನದ್ದು ಆಯ್ತಲ್ಲ."

ನಾನು ಮಿಜಾರಿನ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವವಳು. ಜೀನ್ ಬದಲಾಯಿಸಿದ ಹಂದಿಯ ಕಿಡ್ನಿಯನ್ನು ಅಮೆರಿಕದಲ್ಲಿ ಮನುಷ್ಯನಿಗೆ ಜೋಡಿಸಿದ ಸುದ್ದಿ ಬಂದ ದಿನ ಕಾಕ ನನ್ನನ್ನು ಬಿಡಲಿಲ್ಲ. ನಮ್ಮ ದೇಹ ಅದನ್ನು ಹೊರಗಿನದೆಂದು ತಿರಸ್ಕರಿಸದಿರಲೆಂದು ಹಂದಿಯ ಕೆಲವು ಜೀನ್ ತೆಗೆಯುತ್ತಾರೆ, ಮನುಷ್ಯನ ಕೆಲವನ್ನು ಸೇರಿಸುತ್ತಾರೆ ಎಂದು ಹೇಳಿದೆ. ಕಾಕ ನಗಲಾರದೆ ನಕ್ಕರು.

"ಜೀವಮಾನ ಇಡೀ ಹಂದಿಯಿಂದ ದೂರ ಇದ್ದದ್ದು ಮಾರಾಯ್ರೆ. ಈಗ ಅದನ್ನೇ ಹೊಟ್ಟೆಯೊಳಗೆ ಕೂರಿಸಬೇಕಂತೆ!"

ಮುಂದಿನ ವಾರ ಅವರೇ ಮಾತು ತೆಗೆದರು. "ಮಸೀದಿಯ ಉಸ್ತಾದರ ಹತ್ರ ಕೇಳಿದೆ. ಜೀವ ಉಳಿಸ್ಲಿಕ್ಕೆ ಬೇರೆ ದಾರಿಯೇ ಇಲ್ಲದಿದ್ರೆ ಆಗ್ತದೆ ಅಂದ್ರು."

"ಹಾಗಾದ್ರೆ ನೀವು ಹಾಕಿಸಿಕೊಳ್ತೀರಾ ಕಾಕ?"

"ನನ್ನ ಕಾಲಕ್ಕೆ ಎಲ್ಲಿ ಬರ್ತದೆ? ನಾಳೆ ನಮ್ಮವರು ಯಾರಾದ್ರೂ ಹೆದರಿಕೊಂಡು ಬೇಡ ಅನ್ನುವುದು ಬೇಡ ಅಂತ ಕೇಳಿ ಇಟ್ಟದ್ದು."

ನನ್ನದು ವಂಶದಲ್ಲೇ ಇಳಿದುಬಂದ ಕಾಯಿಲೆ. ಕಿಡ್ನಿಯ ತುಂಬ ನೀರುಗುಳ್ಳೆ. ಅಮ್ಮ ಅದರಲ್ಲೇ ಹೋದಳು. ಬೆಳ್ತಂಗಡಿಗೆ ಮದುವೆಯಾಗಿ ಹೋದ ಮಗಳು ತನ್ನದೊಂದು ಕಿಡ್ನಿ ಕೊಡುತ್ತೇನೆಂದು ಹಟ ಹಿಡಿದಿದ್ದಳು. ಪರೀಕ್ಷಿಸಿದಾಗ ಕಾಯಿಲೆಯ ಜೀನ್ ಅವಳಲ್ಲೂ ಇತ್ತು. ಆಮೇಲೆ ನನಗೆ ಯಾವುದೂ ಬೇಡವಾಯಿತು.

ಅದೇ ಹೊತ್ತಿಗೆ ಡಾಕ್ಟರು ಬಂದು, ಮಂಗಳೂರಿನ ಸಂಶೋಧಕರಿಗೆ ನನ್ನ ರಕ್ತ, ಚರ್ಮದ ಚೂರು ಬೇಕೆಂದರು. ಅದರ ಜೀವಕೋಶಗಳಿಂದ ಕಿಡ್ನಿಯ ಪುಟ್ಟ ಮೊಳಕೆಗಳನ್ನು ಬೆಳೆಸಿ, ಕೆಟ್ಟ ಜೀನನ್ನು ತಿದ್ದಿದರೆ ಗುಳ್ಳೆ ಏಳುವುದು ನಿಲ್ಲುತ್ತದೆಯೇ ಎಂದು ನೋಡುತ್ತಾರಂತೆ. ಇನ್ನೊಂದು ಸೂಜಿಗೆ ನನ್ನಲ್ಲಿ ತ್ರಾಣವಿಲ್ಲವೆಂದೆ.

ಕಾಕ ತಲೆಯೆತ್ತಿ ಡಾಕ್ಟರನ್ನು ಕೇಳಿದರು, "ನನ್ನದು ಆಗ್ತದಾ?"

"ಇಲ್ಲ ಕಾಕ. ನಿಮ್ಮದು ಸಕ್ಕರೆಯಿಂದ ಬಂದದ್ದು."

ಡಾಕ್ಟರು ಹೋದ ಮೇಲೆ ಅವರು ನನ್ನ ಕಡೆಗೆ ಹೊರಳಿದರು. ಸಿಟ್ಟಿನಲ್ಲೇ ಹೇಳಿದರು. ಅವರ ಸಿಟ್ಟನ್ನು ನಾನು ಕಂಡದ್ದು ಅದೊಂದೇ ಸಲ. "ನನ್ನದನ್ನು ಕೇಳುವವರಿಲ್ಲ. ನಿಮ್ಮದನ್ನು ಕೇಳಿಕೊಂಡು ಬಂದಿದ್ದಾರೆ, ನೀವು ಮಲಗಿಕೊಂಡು ಬೇಡ ಅಂತೀರಿ. ಸುಸ್ತು ನನಗೂ ಉಂಟು ಟೀಚರೇ. ಹೋಗುವ, ನಾನೂ ಬರ್ತೇನೆ."

ಡಯಾಲಿಸಿಸ್ ಇಲ್ಲದ ದಿನ, ಮಲಗಿ ಸುಧಾರಿಸಿಕೊಳ್ಳಬೇಕಾದ ದಿನ, ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನಲ್ಲಿ ಕಾಕ ನನಗಾಗಿ ಕಾದಿದ್ದರು. ಮಂಗಳೂರಿನ ಬಸ್ಸಿನಲ್ಲಿ ಇಬ್ಬರೂ ಸೀಟಿಗೆ ಒರಗಿಯೇ ಕೂತೆವು. ಚರ್ಮ ತೆಗೆಯುವಾಗ ಅವರು ಬಾಗಿಲ ಹೊರಗೆ ಬೆಂಚಿನಲ್ಲಿ ಕೂತೇ ನಿದ್ದೆಹೋಗಿದ್ದರು.

ಮುಂದಿನ ಮಳೆಗಾಲವನ್ನು ಅವರು ದಾಟಲಿಲ್ಲ. ಎದೆಯಲ್ಲಿ ನೀರು ತುಂಬಿ, ಬೆಳಗಿನ ನಮಾಜು ಮುಗಿಸಿ ಒರಗಿದವರು ಏಳಲಿಲ್ಲವಂತೆ.

ತಿಂಗಳುಗಳ ನಂತರ ಡಾಕ್ಟರು ನನ್ನ ಫೋನಿಗೆ ಒಂದು ಚಿತ್ರ ಕಳಿಸಿದರು. ನನ್ನ ಜೀವಕೋಶಗಳಿಂದ ಬೆಳೆದ ಎರಡು ಮೊಳಕೆಗಳು. ಹಾಗೇ ಬಿಟ್ಟದ್ದರಲ್ಲಿ ಗುಳ್ಳೆಗಳೆದ್ದಿದ್ದವು. ಜೀನ್ ತಿದ್ದಿದ್ದು ನುಣುಪಾಗಿತ್ತು. ಔಷಧಿಯಾಗಲು ಇನ್ನೂ ಬಹಳ ಕಾಲ ಬೇಕು, ಆಸೆ ಇಟ್ಟುಕೊಳ್ಳಬೇಡಿ ಎಂದೂ ಬರೆದಿದ್ದರು. ಮಗಳಿಗೆ ಕಳಿಸಿದೆ. ಆಮೇಲೆ ಪಾಣೆಮಂಗಳೂರಿಗೆ ಹೋದೆ.

ಕಾಕನ ಹೆಂಡತಿ ಫೋನನ್ನು ಹತ್ತಿರ ಹಿಡಿದು ನೋಡಿದರು. "ಇದು ಕಿಡ್ನಿಯಾ? ಸಾಸಿವೆಯಷ್ಟೂ ಇಲ್ಲ."

"ಇಲ್ಲ. ಕೆಲಸವೂ ಮಾಡುವುದಿಲ್ಲ ಇನ್ನೂ."

ಅವರು ಫೋನನ್ನು ಹಿಂದೆ ಕೊಟ್ಟು, ಸೆರಗನ್ನು ಬಲ ಪಕ್ಕೆಯ ಮೇಲೆ ಒತ್ತಿ ಹಿಡಿದರು. "ನನ್ನದೊಂದು ಅವರಿಗೆ ಕೊಟ್ಟದ್ದು. ಕೆಲವು ವರ್ಷ ನಡೆಯಿತು, ಮತ್ತೆ ಅವರ ಮೈ ಅದನ್ನು ಒಪ್ಪಲಿಲ್ಲ. ತಾನೇ ಅದನ್ನು ಹಾಳು ಮಾಡಿದೆ ಅಂತ ನನ್ನ ಮುಖ ನೋಡ್ಲಿಕ್ಕೂ ನಾಚುತ್ತಿದ್ದರು. ಯಾರ ಹತ್ರವೂ ಹೇಳಲಿಲ್ಲ."

ನಮಗೂ ಹೇಳಿರಲಿಲ್ಲ.

"ಆ ಕಿಡ್ನಿಯನ್ನು ತೆಗೆದಿರಲಿಲ್ಲ ಟೀಚರೇ, ಒಳಗೇ ಇತ್ತು" ಎಂದರು. "ಅವರೊಟ್ಟಿಗೇ ಮಣ್ಣಿಗೆ ಹೋಯ್ತು. ಒಬ್ಬರೇ ಹೋಗಲಿಲ್ಲ ಅವರು."