ನೀರಿನ ಖಾತೆಯ ಅಪ್ಪ

ನಮ್ಮಪ್ಪ ಬೆಂಗಳೂರಿನಲ್ಲಿ ನೀರಿನ ಖಾತೆಯಲ್ಲಿದ್ದಾನೆ ಎಂದೇ ಇಡೀ ಅಬ್ಬಿಗೇರಿ ನಂಬಿತ್ತು. ಹಾಗೆ ಹೇಳಿದವನು ಅವನೇ. ರಜೆಗೆ ಬಂದಾಗಲೆಲ್ಲ ಓಣಿಯವರು ನಲ್ಲಿ ಬೇಕೆಂದು ಅರ್ಜಿ ಬರೆದು ಕೊಡುತ್ತಿದ್ದರು. ಅಪ್ಪ ಒಂದನ್ನೂ ಬೇಡ ಅನ್ನದೆ ಟ್ರಂಕಿನಲ್ಲಿಟ್ಟು ಒಯ್ಯುತ್ತಿದ್ದ. ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ನಲ್ಲಿ ಬಂದೇಬಿಟ್ಟಿತು. ಅಪ್ಪನ ಕೊರಳಿಗೆ ಹಾರ ಬಿತ್ತು, ನನಗೆ ಕೊಂಬು ಮೂಡಿದವು.

ಆ ಠೇಂಕಾರದಲ್ಲೇ ಮುಂದೆ ದೊಡ್ಡವಳಾಗಿ ಹೆಂಗಸರನ್ನು ಕೂಡಿಸಿಕೊಂಡು, ಕಸಬರಿಗೆ ಹಿಡಿದು, ಊರಿನ ಸಾರಾಯಿ ಅಂಗಡಿ ಮುಚ್ಚಿಸಿದೆ. "ಸೆರೆ ಕುಡಿಸಿ ಮಕ್ಕಳ ಹೊಟ್ಟಿ ಹೊರ್ಯಾಂವ ಅವನೂ ಒಬ್ಬ ಅಪ್ಪೇನು?" ಎಂದು ಊರ ಅಗಸಿ ಬಾಗಿಲಲ್ಲಿ ನಿಂತು ಕೂಗಿದ್ದೆ. ಊರಿಗೆ ಬಂದಿದ್ದ ಅಪ್ಪ ಗುಂಪಿನ ಹಿಂದೆ ನಿಂತಿದ್ದ. ಮನೆಗೆ ಬಂದ ಮೇಲೆ ಗ್ಲಾಸು ಒರೆಸಿ, ಬೆಳಕಿಗೆ ಹಿಡಿದು ನೋಡಿ, ನೀರು ತುಂಬಿ ಕೊಟ್ಟ. "ಗಂಟಲಾ ಒಣಗೇತಿ, ಕುಡಿ" ಎಂದನಷ್ಟೆ. ಅವನು ಗ್ಲಾಸು ಕೊಡುತ್ತಿದ್ದುದು ಯಾವಾಗಲೂ ಹಾಗೆಯೇ.

ಅಪ್ಪ ತೀರಿಹೋಗಿ ಎಷ್ಟೋ ವರ್ಷಗಳಾದ ಮೇಲೆ, ಮೊನ್ನೆ ಬೆಂಗಳೂರಿಗೆ ಹೋಗಿದ್ದೆ. ಅಲ್ಲಿ ವಕೀಲಿ ಮಾಡುವ ತಂಗಿಯ ಮಗಳು, "ನೂರು ವರ್ಷದ ಹಳೇ ಜಾಗ ಐತಿ ದೊಡ್ಡವ್ವ, ಊಟ ಭಾಳ ಚಲೋ ಇರ್ತೈತಿ" ಎಂದು ಮಧ್ಯಾಹ್ನ ಕರೆದೊಯ್ದಳು. ಸವೆದ ಕಲ್ಲಿನ ಹೊಸ್ತಿಲು, ಎತ್ತರದ ಮರದ ಬಾಗಿಲು ಕಂಡು ನಾನು ಮಠವೆಂದುಕೊಂಡು ಚಪ್ಪಲಿ ಬಿಟ್ಟು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಒಳಗೆ ಹೋದರೆ ಗೋಡೆ ತುಂಬ ಬಾಟಲಿ!

"ಏ ಹುಡುಗಿ, ಇದು ಸೆರೆ ಅಂಗಡಿ ಐತಿ!" ಎಂದು ಚೀರಿದೆ.

"ಪಬ್ ಅಂತಾರ ದೊಡ್ಡವ್ವ, ಸಾವಕಾಶ ಮಾತಾಡು."

ಸಿಟ್ಟಿನಿಂದ ಹಿಂದಕ್ಕೆ ತಿರುಗಿದವಳಿಗೆ ಬಾಗಿಲ ಪಕ್ಕದಲ್ಲಿ ಒಂದು ಹಳೆಯ ಫೋಟೋ ಕಂಡಿತು. ಬಿಳಿ ಅಂಗಿ ತೊಟ್ಟು ಸಾಲಾಗಿ ನಿಂತ ಕೆಲಸಗಾರರು. ನಡುವೆ ಅಪ್ಪ. ಒಂದು ಕೈಯಲ್ಲಿ ವಸ್ತ್ರ, ಇನ್ನೊಂದರಲ್ಲಿ ಬೆಳಕಿಗೆ ಹಿಡಿದ ಗ್ಲಾಸು.

ಹತ್ತಿರ ಹೋಗಿ ಅಪ್ಪನ ಮುಖದ ಮೇಲೆ ಬೆರಳಿಟ್ಟೆ. ನಮ್ಮ ಮಾತು ಕೇಳಿಸಿಕೊಂಡ ಮುದಿ ವೇಟರ್ ಹತ್ತಿರ ಬಂದ.

"ಯಾವ ಊರ್ರಿ? ನಾ ಗಜೇಂದ್ರಗಡದಾಂವ. ನನ್ನ ಇಲ್ಲಿ ಕೆಲಸಕ್ಕ ಹಚ್ಚಿದವ್ರ ಇವ್ರು."

"ನಮ್ಮಪ್ಪ" ಎಂದೆ.

ಅವನು ಮೂಲೆಯ ಮೇಜಿನ ಕುರ್ಚಿ ಎಳೆದ. "ಇಲ್ಲೆ ಕುಂದರ್ರಿ. ನೀರಿನ ಖಾತೆಯ ದೊಡ್ಡ ಸಾಹೇಬ್ರು ಕುಂದ್ರೂ ಜಾಗಾ ಇದು. ನಿಮ್ಮ ತಂದಿಯವರು ಅವ್ರ ಮುಂದ ಗ್ಲಾಸ್ ಇಟ್ಟು, ಬಾಜೂಕ ನಿಮ್ಮೂರಿನ ಅರ್ಜಿ ಇಡ್ತಿದ್ರು. ಬೈಸ್ಕೊಂತಿದ್ರು, ಮತ್ತ ಇಡ್ತಿದ್ರು. ಕಡೀಕ ಸಾಹೇಬ್ರಿಗೆ ಸಾಕಾಗಿ ಸಹಿ ಮಾಡಿದ್ರು ನೋಡ್ರಿ."

ನಮ್ಮೋಣಿಯ ನಲ್ಲಿ ಈ ಮೇಜಿನಿಂದ ಬಂದಿತ್ತು! ಅದೇ ನೀರು ಕುಡಿದು ಗಂಟಲು ಗಟ್ಟಿ ಮಾಡಿಕೊಂಡ ನಾನು, ಅಗಸಿಯಲ್ಲಿ ನಿಂತು ಅಪ್ಪನ ಎದುರೇ "ಅವನೂ ಒಬ್ಬ ಅಪ್ಪೇನು?" ಎಂದು ಕೇಳಿದ್ದೆ.

ವೇಟರ್ ಗ್ಲಾಸು ಒರೆಸಿದ. ಬೆಳಕಿಗೆ ಹಿಡಿದು ನೋಡಿದ. ನೀರು ತುಂಬಿ ನನ್ನ ಮುಂದಿಟ್ಟ. ಎತ್ತಿಕೊಂಡು, ಕಣ್ಣಿಗೊತ್ತಿಕೊಂಡೆ.