ಬ್ರೆಡ್ಡಮ್ಮ ಮತ್ತು ಭಟ್ಟಿಯ ಬಾಗಿಲು

ಬ್ರೆಡ್ಡಮ್ಮನನ್ನು ಪ್ರಾರ್ಥನೆಗೆಂದು ಮನೆಗೆ ಕರೆಯುವವರು ಮೊದಲು ಒಲೆಯ ಮೇಲಿನ ಹಾಲು ಇಳಿಸಿಡುತ್ತಿದ್ದರು. ಅವಳು ಒಮ್ಮೆ ಕಣ್ಣು ಮುಚ್ಚಿದಳೆಂದರೆ ಮುಗಿಯಿತು. 'ಪರಲೋಕದಲ್ಲಿ ವಾಸಿಸುವ ಪರಿಶುದ್ಧನಾದ ತಂದೆಯೇ' ಎಂದು ಶುರುವಾಗಿ, ಕಾಯಿಲೆಯವರು, ಪ್ರಯಾಣದಲ್ಲಿರುವವರು, ಪರೀಕ್ಷೆ ಬರೆಯುವವರು, ಕಡೆಗೆ ಆ ಮನೆಯ ಬೆಕ್ಕಿನ ತನಕ ಯಾರನ್ನೂ ಬಿಡದೆ ಸುತ್ತಿ, 'ಧೂಳಿಗೆ ಸಮಾನಳಾದ ಈ ದಾಸಿಯ ಮೊರೆಯನ್ನು ಆಲಿಸು' ಎಂಬಲ್ಲಿಗೆ ಬಂದು ನಿಲ್ಲುವಷ್ಟರಲ್ಲಿ ಮಕ್ಕಳು ನಿದ್ದೆ ಹೋಗಿರುತ್ತಿದ್ದರು. ಹಿಟ್ಟು ನಾದುವ ಹೆಂಗಸಿನ ಬಾಯಲ್ಲಿ ಇಷ್ಟು ಅಚ್ಚುಕಟ್ಟಾದ ಮಾತು ಎಲ್ಲಿಂದ ಬರುತ್ತದೆಂದು ಚರ್ಚಿನ ಸಭೆಯವರಿಗೆಲ್ಲ ಬೆರಗು. ಅವಳ ಗಂಡನಿಗೆ ಮಾತ್ರ ನಗು. "ಇವಳು ಆಮೆನ್ ಅನ್ನೋಷ್ಟರಲ್ಲಿ ಹಿಟ್ಟು ಎರಡು ಸಲ ಉಬ್ಬಿ ಇಳಿದಿರುತ್ತೆ," ಎನ್ನುತ್ತಿದ್ದ.

ಗಂಡ ಹೆಂಡತಿ ಇಬ್ಬರದೂ ಒಂದೇ ಬೇಕರಿ, ಒಂದೇ ಬದುಕು. ಮುಂದೆ ಗಾಜಿನ ಕಪಾಟಿನ ಅಂಗಡಿ, ಅದರ ಹಿಂದೆ ಹಿಟ್ಟಿನ ಕೋಣೆ, ಕೋಣೆಯ ಕೊನೆಯ ಗೋಡೆಯಲ್ಲಿ ಇಟ್ಟಿಗೆಯ ಭಟ್ಟಿ. ಭಟ್ಟಿಗೊಂದು ಕಬ್ಬಿಣದ ಬಾಗಿಲು, ಬಾಗಿಲಿಗೆ ಬಟ್ಟೆ ಸುತ್ತಿದ ಹಿಡಿ. ಜಾಗ ಎಷ್ಟು ಇಕ್ಕಟ್ಟೆಂದರೆ ಬಾಗಿಲು ತೆಗೆದಾಗ ಹೊಡೆಯುವ ಝಳಕ್ಕೆ ಹತ್ತಿರ ನಿಂತವರ ಹುಬ್ಬು ಸೀದು ಹೋಗಬಹುದು. ಅದಕ್ಕೇ ಅಲ್ಲೊಂದು ಕಟ್ಟುನಿಟ್ಟು. ತೆಗೆಯುವವರು ಮೊದಲು "ಬಾಗಿಲು!" ಎಂದು ಕೂಗಬೇಕು, ಉಳಿದವರು ಪಕ್ಕಕ್ಕೆ ಸರಿಯಬೇಕು. ಗಂಡನ ಗಂಟಲು ದೊಡ್ಡದು. ಬೆಳಗಿನ ಮೊದಲ ಕೂಗು ಬಿದ್ದರೆ ಎದುರುಮನೆಯ ಮುದುಕರು ಹಾಸಿಗೆ ಬಿಟ್ಟು ಏಳುತ್ತಿದ್ದರು.

ಹೋದ ವರ್ಷ ಒಂದು ಬೆಳಿಗ್ಗೆ ಆ ಗಂಡ ಹಿಟ್ಟಿನ ತೊಟ್ಟಿಯ ಪಕ್ಕದಲ್ಲೇ ಎದೆ ಹಿಡಿದುಕೊಂಡು ಕುಸಿದ. ಡಾಕ್ಟರು ಬಂದು ನೋಡಿ, ಇದು ಯಾರ ಕೈಯಲ್ಲೂ ಇರಲಿಲ್ಲ, ನಾನೇ ಪಕ್ಕದಲ್ಲಿದ್ದರೂ ಉಳಿಸಲು ಆಗುತ್ತಿರಲಿಲ್ಲ ಎಂದರು. ಬ್ರೆಡ್ಡಮ್ಮ ತಲೆಯಾಡಿಸಿದಳು. ಅಂತ್ಯಕ್ರಿಯೆಯಲ್ಲಿ ತಾನೇ ನಿಂತು ಪ್ರಾರ್ಥನೆ ಮಾಡಿದಳು, ಒಂದು ಪದವೂ ತಪ್ಪಲಿಲ್ಲ. ನೆರೆದವರೆಲ್ಲ ಎಂಥ ವಿಶ್ವಾಸ ಎಂದು ಮೂಗಿನ ಮೇಲೆ ಬೆರಳಿಟ್ಟರು.

ಆದರೆ ಅಂದಿನಿಂದ ಅವಳು ಭಟ್ಟಿಯ ಬಾಗಿಲು ಮುಟ್ಟಿಲ್ಲ. ಹಿಟ್ಟು ನಾದುತ್ತಾಳೆ, ಉಂಡೆ ಕಟ್ಟಿ ಅಚ್ಚಿಗೆ ತುಂಬುತ್ತಾಳೆ, ಗಿರಾಕಿಗಳ ಜೊತೆ ನಗುತ್ತಾಳೆ. ಆ ಹಿಡಿಯ ಹತ್ತಿರ ಕೈ ಒಯ್ದರೆ ಸಾಕು, ಬೆರಳು ಮಂಜಿನಂತೆ ತಣ್ಣಗಾಗುತ್ತದೆ, ಉಸಿರು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ, ಕಾಲು ತಾನಾಗಿ ಹಿಂದೆ ಹೋಗುತ್ತದೆ. ಭಟ್ಟಿಯ ಕೆಲಸವನ್ನೆಲ್ಲ ಸೊಸೆ ತನ್ನ ಮೇಲೆ ಹಾಕಿಕೊಂಡಳು. ಜಾಣ ಹುಡುಗಿ. "ಬಾಗಿಲು" ಎಂಬ ಕೂಗಿಗೆ ಅತ್ತೆಯ ಮುಖ ಬಿಳಿಚಿಕೊಳ್ಳುವುದನ್ನು ನೋಡಿ, ಕೂಗುವುದನ್ನೇ ಬಿಟ್ಟು, ಸದ್ದಿಲ್ಲದೆ ತೆಗೆದು ಸದ್ದಿಲ್ಲದೆ ಮುಚ್ಚುತ್ತಿದ್ದಳು.

ಈಗ ಸೊಸೆ ತುಂಬು ಗರ್ಭಿಣಿ. ಝಳದ ಮುಂದೆ ನಿಲ್ಲಲೇಬೇಡ ಎಂದು ಡಾಕ್ಟರು ಬೈದು ಕಳಿಸಿದ್ದರೂ, ಬೇರೆ ಕೈ ಇಲ್ಲದೆ ಅವಳೇ ಬಾಗಿಲು ತೆಗೆಯುತ್ತಿದ್ದಳು. ಮಗನಿಗೆ ಅಂಗಡಿಗಳಿಗೆ ಬ್ರೆಡ್ ಸಾಗಿಸುವುದರಲ್ಲೇ ದಿನ ಸಾಲದು, ಅಲ್ಲದೆ ಅವನಿಗೆ ಭಟ್ಟಿಯ ಹದ ಗೊತ್ತಿಲ್ಲ. ಅವನು ಸುತ್ತಿ ಬಳಸಿ ಮಾತಾಡುವವನಲ್ಲ.

"ಅಮ್ಮ, ತಿಂಗಳ ಕೊನೆಗೆ ಭಟ್ಟಿ ಆರಿಸಿಬಿಡೋಣ. ಬೇರೆ ಕಡೆಯಿಂದ ಬ್ರೆಡ್ ತರಿಸಿ ಮಾರೋಣ. ನಿಮ್ಮನ್ನ ಹೀಗೆ ನೋಡೋಕೆ ನನ್ನಿಂದ ಆಗಲ್ಲ."

ಮಗ ಹೇಳಿದ್ದು ಪ್ರೀತಿಯಿಂದಲೇ. ಅವಳಿಗೆ ಕೇಳಿಸಿದ್ದು ಮಾತ್ರ, ಅಪ್ಪ ಹೊತ್ತಿಸಿದ ಬೆಂಕಿಯನ್ನು ಅಮ್ಮ ಆರಿಸುತ್ತಾಳೆ ಎಂದು. ಮಧ್ಯಾಹ್ನ ಅನ್ನ ಇಳಿಯಲಿಲ್ಲ.

ಇಂಥ ಹೊತ್ತಿಗೆ ಸರಿಯಾಗಿ ಬಂದವಳು ನರ್ಸಮ್ಮ. ಸಭೆಯಲ್ಲಿ ಪಕ್ಕದ ಬೆಂಚಿನ ಗೆಳತಿ, ಆಸ್ಪತ್ರೆ ಕೆಲಸದಿಂದ ನಿವೃತ್ತಿ. ನಿವೃತ್ತಿಯಾದದ್ದು ಕೆಲಸ ಮಾತ್ರ. ಎದುರಿಗೆ ಸಿಕ್ಕವರ ನಾಡಿ ಹಿಡಿಯುವ ಚಾಳಿ ಹಾಗೇ ಉಳಿದಿತ್ತು. ಅವಳು ಬ್ರೆಡ್ಡಮ್ಮನ ತಣ್ಣನೆಯ ಕೈ ಹಿಡಿದು, ನಡೆದದ್ದನ್ನೆಲ್ಲ ಬಾಯಿ ಬಿಡಿಸಿ ಕೇಳಿಕೊಂಡು, ಒಂದು ಉಪಾಯ ಹೇಳಿದಳು. ಅಂಗೈಯ ಅಂಚು, ಹುಬ್ಬಿನ ತುದಿ, ಕಣ್ಣಿನ ಪಕ್ಕ, ಕಣ್ಣಿನ ಕೆಳಗೆ, ಮೂಗಿನ ಕೆಳಗೆ, ಗಲ್ಲ, ಕೊರಳ ಕೆಳಗಿನ ಎಲುಬು, ಕಂಕುಳ ಕೆಳಗೆ, ನೆತ್ತಿ. ಎರಡು ಬೆರಳಿನಲ್ಲಿ ಒಂದೊಂದು ಕಡೆ ಮೆಲ್ಲಗೆ ತಟ್ಟಿಕೊಳ್ಳುವುದು, ತಟ್ಟಿಕೊಳ್ಳುತ್ತಲೇ ಒಳಗಿನ ನೋವನ್ನು ಬಾಯಿಬಿಟ್ಟು ಹೇಳುವುದು. ಆಸ್ಪತ್ರೆಯಲ್ಲಿ ಮನಸ್ಸಿನ ವೈದ್ಯರೊಬ್ಬರಿಂದ ಅವಳು ಕಲಿತದ್ದು ಇದು.

ಬ್ರೆಡ್ಡಮ್ಮ ಕೈ ಹಿಂದಕ್ಕೆ ಎಳೆದುಕೊಂಡಳು. "ಇದೇನೇ ಇದು, ಮಾಟ ಮಂತ್ರ ಇದ್ದ ಹಾಗಿದೆ? ನನಗೆ ಪ್ರಾರ್ಥನೆ ಇದೆ. ಇದೆಲ್ಲ ಬೇಡ."

"ಮಗು ಅತ್ತರೆ ಬೆನ್ನು ತಟ್ಟಲ್ವಾ? ಅದು ಮಂತ್ರಾನಾ? ನಿನ್ನ ಮಗನ್ನ ನೀನು ತಟ್ಟಿ ತಾನೇ ಮಲಗಿಸಿದ್ದು?"

"ಆದ್ರೂ ಪಾಸ್ಟರ್ ಹತ್ತಿರ ಒಂದು ಮಾತು ಕೇಳ್ತೀನಿ."

"ಕೇಳು ಮಾರಾಯ್ತಿ. ಬೇಕಿದ್ರೆ ಸಭೆ ಸೇರಿಸಿ ಕೈ ಎತ್ತಿಸು."

ಪಾಸ್ಟರ್ ವಯಸ್ಸಿನಲ್ಲಿ ಚಿಕ್ಕವರು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಅಪರೂಪದ ಜಾತಿ. ಸಭಾಮಂದಿರದ ಮೆಟ್ಟಿಲ ಮೇಲೆ ಕುಳಿತು ಅವಳ ಮಾತನ್ನು ಪೂರ್ತಿ ಕೇಳಿದರು. ಬೈಬಲಿನಲ್ಲಿ ಕರ್ತನು ಕುರುಡನ ಕಣ್ಣಿಗೆ ಕೆಸರು ಹಚ್ಚಿ ಗುಣ ಮಾಡಿದ್ದನ್ನು ನೆನಪಿಸಿದರು. ಮಾತಿನಲ್ಲೇ ಗುಣ ಮಾಡಬಲ್ಲವನು ಕೈ ಯಾಕೆ ಕೊಳೆ ಮಾಡಿಕೊಂಡನೋ ಎಂದು ತಮಗೇ ಹೇಳಿಕೊಳ್ಳುವಂತೆ ಹೇಳಿದರು.

"ಈ ತಟ್ಟೋದರ ಬಗ್ಗೆ ನನಗೆ ಏನೂ ಗೊತ್ತಿಲ್ಲಮ್ಮ. ಗುಣ ಮಾಡೋದು ಬೆರಳು ಅಂತ ಅಂದ್ಕೋಬೇಡಿ, ಅಷ್ಟೇ. ಯಾರ ಹತ್ತಿರ ಮಾತಾಡ್ತಾ ತಟ್ಟಿಕೊಳ್ತೀರಿ ಅನ್ನೋದು ನೆನಪಿದ್ದರೆ ನನಗೇನೂ ಭಯ ಇಲ್ಲ."

ಹಾಗೆ ಒಂದು ಮಧ್ಯಾಹ್ನ, ಅಂಗಡಿ ಖಾಲಿಯಾಗಿದ್ದಾಗ, ಹಿಟ್ಟಿನ ಕೋಣೆಯ ಮೈದಾ ಮೂಟೆಗಳ ಮೇಲೆ ಇಬ್ಬರೂ ಎದುರುಬದುರಾಗಿ ಕುಳಿತರು. ನರ್ಸಮ್ಮ ತನ್ನ ಅಂಗೈ ಅಂಚನ್ನು ತಟ್ಟಿಕೊಂಡಳು, ಬ್ರೆಡ್ಡಮ್ಮ ತನ್ನದನ್ನು. ನರ್ಸಮ್ಮ, "ಈಗ ಹೇಳು," ಎಂದಳು. ಬ್ರೆಡ್ಡಮ್ಮ ಕಣ್ಣು ಮುಚ್ಚಿದಳು.

"ಪರಲೋಕದಲ್ಲಿ ವಾಸಿಸುವ ಪರಿಶುದ್ಧನಾದ ತಂದೆಯೇ, ಭಯಭೀತಳಾಗಿರುವ ಈ ಅಯೋಗ್ಯ ದಾಸಿಯನ್ನು ನಿನ್ನ ಕೃಪಾಕಟಾಕ್ಷದಿಂದ..."

ಹುಬ್ಬು ಆಯಿತು, ಗಲ್ಲ ಆಯಿತು, ನೆತ್ತಿಯೂ ಆಯಿತು. ದಾಸಿಯ ಮೊರೆ ಮುಗಿಯುವ ಸೂಚನೆಯೇ ಇಲ್ಲ. ನರ್ಸಮ್ಮನ ಬೆರಳು ನೋಯತೊಡಗಿತು. ಕಡೆಗೆ ಎದ್ದು ಭಟ್ಟಿಯ ಹತ್ತಿರ ಹೋದರೆ ಕೈ ಅದೇ ಮಂಜು, ಉಸಿರು ಅಲ್ಲೇ ಸಿಕ್ಕಿಕೊಂಡಿದೆ.

"ನೋಡಿದ್ಯಾ? ನನಗೆ ಇದೆಲ್ಲ ಹತ್ತಲ್ಲ."

"ಹತ್ತೋದು ಹೇಗೆ? ನೀನು ಮಾತಾಡಿದ್ದು ಯಾರ ಭಾಷೆ?" ನರ್ಸಮ್ಮನಿಗೆ ಸಿಟ್ಟೇ ಬಂದಿತ್ತು. "ದಾಸಿ, ಧೂಳು, ಕಟಾಕ್ಷ ಎಲ್ಲ ಭಾನುವಾರಕ್ಕೆ ಎತ್ತಿಡು. ನನ್ನ ಹತ್ತಿರ ಬೈದಾಡೋ ಹಾಗೆ ಅವನ ಹತ್ತಿರ ಮಾತಾಡು."

"ದೇವರ ಹತ್ತಿರ ಹಾಗೆಲ್ಲ ಮಾತಾಡ್ತಾರೇನೇ? ಮರ್ಯಾದೆ ಬೇಡ್ವಾ?"

"ಗಾಯ ತೋರಿಸೋಕೆ ಅಂತ ಬಂದು, ಮೈ ತುಂಬ ಬಟ್ಟೆ ಹೊದ್ದು ಕೂತರೆ ಡಾಕ್ಟರು ಏನು ನೋಡಬೇಕು? ಕೂತ್ಕೋ ಇಲ್ಲಿ. ಇನ್ನೊಂದು ಸಲ."

ಬ್ರೆಡ್ಡಮ್ಮ ಕುಳಿತಳು. ಅಂಗೈ ಅಂಚನ್ನು ತಟ್ಟಿಕೊಂಡಳು. ಬಾಯಿ ತೆರೆದರೆ ಮಾತೇ ಇಲ್ಲ. ಸಭೆಯ ಮಾತು ಬಿಟ್ಟರೆ ದೇವರ ಹತ್ತಿರ ಆಡಲು ತನ್ನಲ್ಲಿ ಬೇರೆ ಮಾತೇ ಇಲ್ಲ ಎಂಬುದು ಅವಳಿಗೆ ಅಷ್ಟು ವರ್ಷಕ್ಕೆ ಮೊದಲ ಸಲ ಗೊತ್ತಾಯಿತು. ಗೆಳತಿಯ ಬೆರಳು ಹುಬ್ಬಿಗೆ ಹೋಯಿತು. ಅವಳದೂ ಹೋಯಿತು. ಕಣ್ಣಿನ ಪಕ್ಕ. ಕಣ್ಣಿನ ಕೆಳಗೆ.

"ಕರ್ತನೇ," ಎಂದಳು. "ಅವರು ಕರೆದ್ರು. ನಾನು ಹೋಗಲಿಲ್ಲ."

ನರ್ಸಮ್ಮ ಮೂಗಿನ ಕೆಳಗೆ ತಟ್ಟಿಕೊಂಡಳು. ಬೆರಳು ನಿಲ್ಲಿಸಲಿಲ್ಲ.

"ಏ ಇಲ್ಲಿ ಬಾರೇ ಅಂದ್ರು. ನಾನು ಭಟ್ಟಿ ಮುಂದೆ ಇದ್ದೆ. ಇರಿ, ಬ್ರೆಡ್ ತೆಗೆದು ಬರ್ತೀನಿ ಅಂದೆ. ತೆಗೆದೆ ಕರ್ತನೇ. ಎಲ್ಲಾ ಅಚ್ಚೂ ತೆಗೆದೆ. ಕೊನೇ ಬ್ರೆಡ್ಡು ಬೆಂದಿದೆಯೋ ಇಲ್ವೋ ಅಂತ ತಿರುವಿ ಹಾಕಿ ತಳ ತಟ್ಟಿ ಬೇರೆ ನೋಡಿದೆ. ಇದೇ ಬೆರಳಲ್ಲಿ. ತಟ್ಟಿ, ಕೇಳಿ, ಆಮೇಲೆ ತಿರುಗಿದೆ. ಅಷ್ಟರಲ್ಲಿ ಅವರು ಇರಲಿಲ್ಲ."

ಆಮೇಲೆ ಬಂದ ಅಳುವಿಗೆ ಲೆಕ್ಕವಿಲ್ಲ. ಅಂತ್ಯಕ್ರಿಯೆಯಲ್ಲಿ ಬಾರದ್ದು, ವರ್ಷವಿಡೀ ಬಾರದ್ದು, ಒಟ್ಟಿಗೇ ಬಂತು. ಅಳುವಿನ ನಡುವೆಯೇ ಸಿಟ್ಟೂ ಬಂತು. "ಕರ್ತನೇ, ನಿನ್ನ ಮೇಲೂ ಕೋಪ ಇದೆ ನನಗೆ! ಅವತ್ತು ಒಂದು ಅಚ್ಚು ಕಡಿಮೆ ಇಡಿಸೋಕೆ ನಿನ್ನ ಕೈಲಿ ಆಗ್ತಿರಲಿಲ್ವಾ?" ಎಂದು ಮೂಟೆಯ ಮೇಲೆ ಗುದ್ದಿದಳು. ಮೈದಾ ಹಾರಿ ಇಬ್ಬರ ಮುಖಕ್ಕೂ ಬಡಿಯಿತು. ಇಷ್ಟಾದರೂ ಸಿಡಿಲು ಬೀಳಲಿಲ್ಲ, ಛಾವಣಿ ಕುಸಿಯಲಿಲ್ಲ. ಯಾರೋ ಪಕ್ಕದಲ್ಲೇ ಕುಳಿತು, ಮುಖ ತಿರುಗಿಸದೆ, ಪೂರ್ತಿ ಕೇಳಿಸಿಕೊಂಡ ಹಾಗೆ ಅನ್ನಿಸಿತು ಅವಳಿಗೆ.

ಆಗ ನರ್ಸಮ್ಮ ಒಂದು ಮಾತು ಹೇಳಿಕೊಟ್ಟಳು. ಬ್ರೆಡ್ಡಮ್ಮ ಅದನ್ನು ಗಲ್ಲ ತಟ್ಟಿಕೊಳ್ಳುತ್ತ, ಕೊರಳ ಕೆಳಗೆ ತಟ್ಟಿಕೊಳ್ಳುತ್ತ ಮತ್ತೆ ಮತ್ತೆ ಹೇಳಿದಳು. "ಅವರು ಕರೆದಾಗ ನಾನು ಹೋಗಲಿಲ್ಲ. ಆದ್ರೂ ಕರ್ತನೇ, ನೀನು ನನ್ನ ಬಿಟ್ಟು ಹೋಗಿಲ್ಲ."

ಗಂಡನನ್ನು ಉಳಿಸಲು ಯಾರಿಂದಲೂ ಆಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದು ಅವಳ ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಹೇಳುತ್ತ ಹೇಳುತ್ತ ಬೆರಳಿಗೆ ಬಿಸಿ ಬಂತು. ಉಸಿರು ಗಂಟಲು ದಾಟಿ ಹೊಟ್ಟೆಯ ತನಕ ಇಳಿಯಿತು. ದೊಡ್ಡದೊಂದು ಆಕಳಿಕೆ ಬಂತು, ಅದರ ಹಿಂದೆ ಇನ್ನೊಂದು. ಕೊನೆಗೆ ಹಸಿವು. "ಒಂದು ಬನ್ನು ಕೊಡೇ," ಎಂದಳು.

ಬನ್ನು ತಿನ್ನುತ್ತ ತಿನ್ನುತ್ತ ಅವಳು ಇದ್ದಕ್ಕಿದ್ದಂತೆ ನಕ್ಕಳು. ಹಿಟ್ಟು ಎರಡು ಸಲ ಉಬ್ಬಿ ಇಳಿಯುವ ಆ ಹಳೆಯ ಹಾಸ್ಯ ನೆನಪಾಗಿತ್ತು. ಒಂದು ವರ್ಷದಿಂದ ಗಂಡನೆಂದರೆ ತೊಟ್ಟಿಯ ಪಕ್ಕ ಕುಸಿದ ಆ ಒಂದು ಗಳಿಗೆ ಮಾತ್ರ ಆಗಿಬಿಟ್ಟಿದ್ದ. ಈಗ ನೆನಪಿನಲ್ಲಿ ಅವನು ಪೂರ್ತಿಯಾಗಿ ವಾಪಸ್ಸು ಬಂದ. ಮೀಸೆಗೆ ಹಿಟ್ಟು ಮೆತ್ತಿಕೊಂಡು ಅಂಗಡಿಗೆ ಬರುತ್ತಿದ್ದವನು, ಮಗ ಹುಟ್ಟಿದ ದಿನ ಸಂಭ್ರಮದಲ್ಲಿ ಉಪ್ಪು ಹಾಕುವುದನ್ನೇ ಮರೆತವನು, ಅವಳಿಗೆ ಜ್ವರ ಬಂದರೆ ಬ್ರೆಡ್ಡಿನ ಮೆತ್ತನೆಯ ಒಳಭಾಗ ಬಿಡಿಸಿ ಕೊಡುತ್ತಿದ್ದವನು. ಇಷ್ಟೆಲ್ಲ ತನ್ನದಾಗಿತ್ತಲ್ಲ ಎಂದು ಅವಳ ಎದೆ ತುಂಬಿ ಬಂತು.

ಭಯ ಒಂದೇ ಸಲಕ್ಕೆ ಓಡಿಹೋಗುವುದಿಲ್ಲ, ತಿರುಗಿ ಬರುತ್ತದೆ, ಬಂದಾಗ ಬಾ ಕೂತ್ಕೋ ಅನ್ನು, ಹೇಳೋದನ್ನ ಕರ್ತನಿಗೆ ಹೇಳು ಎಂದಿದ್ದಳು ನರ್ಸಮ್ಮ. ಬಂತು ಕೂಡ. ದಿನವೂ ಹಿಟ್ಟು ಉಬ್ಬಲು ಇಟ್ಟು ಬ್ರೆಡ್ಡಮ್ಮ ಮೂಟೆಯ ಮೇಲೆ ಕುಳಿತು ತಟ್ಟಿಕೊಂಡಳು, ಮನೆಮಾತಿನಲ್ಲಿ ಕರ್ತನೊಂದಿಗೆ ಹರಟಿದಳು. ಕೆಲವು ದಿನ ಅತ್ತಳು, ಕೆಲವು ದಿನ ಜಗಳವಾಡಿದಳು. ಒಂದು ದಿನ ಹಿಡಿಯನ್ನು ಮುಟ್ಟಿ ಬಂದಳು, ಅಷ್ಟೇ. ಇನ್ನೊಂದು ದಿನ ಹಿಡಿದು ನಿಂತಳು. ಮಗ ಭಟ್ಟಿ ಆರಿಸುವ ಮಾತನ್ನು ಬಾಯಿಗೆ ತಂದು ತಂದು ನುಂಗಿಕೊಂಡ.

ತಿಂಗಳು ಮುಗಿಯಲು ಬಂದಿದ್ದ ಒಂದು ಬೆಳಿಗ್ಗೆ, ಬ್ರೆಡ್ ಬೆಂದ ವಾಸನೆ ಕೋಣೆ ತುಂಬಿತ್ತು. ಸೊಸೆ ಅಭ್ಯಾಸದಂತೆ ಹೊಟ್ಟೆ ಹಿಡಿದುಕೊಂಡು, ಸದ್ದಿಲ್ಲದೆ ಬಾಗಿಲ ಕಡೆ ಹೊರಟಳು.

"ಅತ್ತ ಸರಿ ಮಗಳೇ."

"ಅತ್ತೆ, ಬೇಡ. ಇವತ್ತೊಂದಿನ ನಾನೇ..."

"ಮೊಮ್ಮಗೂನ ಬೇಯಿಸಿಬಿಡ್ತೀಯೇನೇ? ಅತ್ತ ಸರಿ ಅಂದೆ."

ಬ್ರೆಡ್ಡಮ್ಮ ಬಾಗಿಲ ಮುಂದೆ ನಿಂತಳು. ಬೆರಳು ಸ್ವಲ್ಪ ತಣ್ಣಗಾಯಿತು. ಅಂಗೈ ಅಂಚನ್ನು ಎರಡು ಸಲ ತಟ್ಟಿಕೊಂಡಳು. "ಕರ್ತನೇ, ಭಯ ಆಗ್ತಿದೆ. ಪಕ್ಕದಲ್ಲೇ ಇರು," ಎಂದಳು. ಬಟ್ಟೆ ಸುತ್ತಿದ ಹಿಡಿಯನ್ನು ಹಿಡಿದಳು. ಆಮೇಲೆ, ಯಾರೂ ಹೇಳಿಕೊಡದೆ, ಇಡೀ ಎದೆಯಿಂದ ಕೂಗಿದಳು.

"ಬಾಗಿಲು!"

ಸೊಸೆ ಬೆಚ್ಚಿ ಗೋಡೆಗೆ ಒರಗಿದಳು. ಎದುರುಮನೆಯಲ್ಲಿ ದೀಪ ಹತ್ತಿತು. ಝಳ ಮುಖಕ್ಕೆ ಬಡಿಯಿತು, ಬ್ರೆಡ್ಡಮ್ಮ ಕದಲಲಿಲ್ಲ. ಉದ್ದ ಹಿಡಿಯ ಹಲಗೆಯಲ್ಲಿ ಒಂದೊಂದೇ ಅಚ್ಚು ಹೊರಗೆಳೆದಳು. ಕೊನೆಯ ಬ್ರೆಡ್ಡನ್ನು ತಿರುವಿ ಹಾಕಿ, ತಳವನ್ನು ತಟ್ಟಿ, ಕಿವಿಗೊಟ್ಟು ಕೇಳಿದಳು. ಬೆಂದಿತ್ತು.

ಕೂಗು ಕೇಳಿ ಮಗ ಬನಿಯನ್ನಿನಲ್ಲೇ ಓಡಿ ಬಂದ. ಅಮ್ಮ ಭಟ್ಟಿಯ ಮುಂದೆ ಬೆವರು ಒರೆಸಿಕೊಳ್ಳುವುದನ್ನು ನೋಡಿ ಹೊಸ್ತಿಲಲ್ಲೇ ನಿಂತುಬಿಟ್ಟ. ಬ್ರೆಡ್ಡಮ್ಮ ಮೊದಲ ಬ್ರೆಡ್ಡನ್ನು ಮುರಿದು ಇಬ್ಬರ ಕೈಗೂ ಒಂದೊಂದು ತುಂಡು ಕೊಟ್ಟು, ಪ್ರಾರ್ಥನೆ ಮಾಡೋಣ ಎಂದಳು. ಮಗ, ಸೊಸೆ ಕಣ್ಣು ಮುಚ್ಚಿ, ಬಹಳ ಹೊತ್ತು ನಿಲ್ಲಲು ಅನುಕೂಲವಾಗುವಂತೆ ಗೋಡೆಗೆ ಆತುಕೊಂಡರು.

"ಕರ್ತನೇ, ನಿನ್ನಿಂದ ಬಹಳ ಉಪಕಾರ ಆಯ್ತು. ಅವರಿಗೆ ಹೇಳಿಬಿಡು, ಬ್ರೆಡ್ ತೆಗೆದೆ ಅಂತ. ನಾನು ಬರೋದು ಇನ್ನೂ ತಡ, ಮೊಮ್ಮಗೂನ ನೋಡ್ಕೊಂಡು ಬರ್ತೀನಿ ಅಂತ. ಆಮೆನ್."

ಮಗ ಒಂದು ಕಣ್ಣು ತೆರೆದ. "ಅಷ್ಟೇನಾ ಅಮ್ಮ?"

"ಅಷ್ಟೇ. ತಿನ್ನು, ಆರಿ ಹೋಗುತ್ತೆ."