ಉಣಕಲ್ ಇಳುಕಲಿನಲ್ಲಿ ಅಪ್ಪ ಎಳೆದ ಹಿಡಿ

ಅಪ್ಪ ಮತ್ತೆ ಗಾಡಿ ಹೊಡೆದ! ನಾನು ಚಿಕ್ಕವಳಿದ್ದಾಗ ಒಂದು ಆಯಿತವಾರ, ಸಾವ್ಕಾರ್ರ ದೊಡ್ಡ ಕರೀ ಕಾರನ್ನು ಧಾರವಾಡಕ್ಕೆ ಒಯ್ದು, ವಾಪಸ್ ಬರುವಾಗ ಉಣಕಲ್ ಇಳುಕಲು ಇಳಿಸಿ, ಒಂದು ಗೀರೂ ಬೀಳದಂಗ ಹುಬ್ಬಳ್ಳಿಗೆ ತಂದು ನಿಲ್ಲಿಸಿದ. ಕಥೆಯನ್ನು ಮೊದಲಿಂದ ಹೇಳಬೇಕು ಅಂತ ನಿಮಗೆ ಸಾಲ್ಯಾಗ ಕಲಿಸಿರಬಹುದು ಮೊಮ್ಮಕ್ಕಳೇ. ನಾನು ಎರಡನೇ ಇಯತ್ತೆಗೇ ಸಾಲಿ ಬಿಟ್ಟಾಕಿ. ಈ ಸುದ್ದಿಯನ್ನು ಕಡೆತನಕ ಬಾಯಲ್ಲಿ ಇಟ್ಟುಕೊಂಡು ಕೂಡುವುದು ನನ್ನಿಂದ ಆಗುವುದಿಲ್ಲ.

ಈಗ ಹಿಂದಿನದು ಹೇಳುತ್ತೇನೆ. ನಮ್ಮ ಮನೆ ಅಂದರೆ ಕಮರಿಪೇಟೆಯಲ್ಲಿ ಸಾವ್ಕಾರ್ರ ಮನೆಯ ಹಿಂದೆ, ಗಾಡಿ ನಿಲ್ಲಿಸುವ ತಗಡಿನ ಶೆಡ್ಡಿಗೆ ಅಂಟಿಕೊಂಡ ಒಂದು ಖೋಲಿ. ಸಾವ್ಕಾರ್ರದು ಹತ್ತಿ ವ್ಯಾಪಾರ, ಅಪ್ಪ ಅವರ ಡ್ರೈವರ್. ಲಡಾಯಿ ಕಾಲ, ಪೆಟ್ರೋಲ್ ಸಿಗುವುದು ಕಷ್ಟ. ಅಂಥಾದ್ದರಲ್ಲಿ ಅವರು ಹಳೇ ಗಾಡಿ ಮಾರಿ ಅಮೇರಿಕಾದ್ದೊಂದು ಗಾಡಿ ತಂದರು. ಅದರಲ್ಲಿ ಗೇರಿನ ಕೋಲು ಇತ್ತು, ಜೊತೆಗೆ ಸ್ಟೇರಿಂಗಿನ ಕೆಳಗೆ ಒಂದು ಸಣ್ಣ ಹಿಡಿಯೂ ಇತ್ತು. ಸಾವ್ಕಾರ್ರು ಅದಕ್ಕೆ ಓವರ್‌ಡ್ರೈವ್ ಅನ್ನುತ್ತಿದ್ದರು, ನಮ್ಮ ಮನೆಯಲ್ಲಿ ಅದು ಬರೀ ಹಿಡಿ. ಅದನ್ನು ಒಳಗೆ ಒತ್ತಿಟ್ಟರೆ ಜೋರಾಗಿ ಹೋಗುವಾಗ ಇಂಜಿನ್ನು ಕಡಿಮೆ ತಿರುಗಿ ಪೆಟ್ರೋಲ್ ಉಳಿಯುತ್ತಿತ್ತು. "ಹಿಡಿ ಒಳಗ ಇರ್ಲಿ, ಎಂದೂ ಹೊರಗ ಎಳೀಬ್ಯಾಡ" ಅಂತ ಸಾವ್ಕಾರ್ರ ಅಪ್ಪಣೆ.

ದಸರೆ ಮುಗಿದ ಮೇಲೆ ಒಂದು ಸಂಜೆ ಅಪ್ಪ ಸಾವ್ಕಾರ್ರ ತಾಯಿಯನ್ನು ಕೂಡಿಸಿಕೊಂಡು ಉಣಕಲ್ ಇಳುಕಲು ಇಳಿಯುತ್ತಿದ್ದ. ಹಳೇ ಗಾಡಿಯಲ್ಲಾದರೆ ಇಳುಕಲಿನಲ್ಲಿ ಆಕ್ಸಿಲೇಟರಿನಿಂದ ಕಾಲು ತೆಗೆದ ಕೂಡಲೇ ಇಂಜಿನ್ನೇ ಗಾಡಿಯನ್ನು ಹಿಂದಕ್ಕೆ ಜಗ್ಗಿ ಹಿಡಿಯುತ್ತಿತ್ತು. ಈ ಗಾಡಿಯ ಇಂಜಿನ್ನು ಕಾಲು ತೆಗೆದರೆ ಸುಮ್ಮನಾಯಿತು, ಗಾಲಿ ಮಾತ್ರ ಓಡಿದವು. ಬ್ರೇಕು ಒತ್ತಿ ಒತ್ತಿ ಸುಟ್ಟ ವಾಸನೆ ಬಂದು, ಕಡೆಗೆ ಬ್ರೇಕೂ ಹಿಡಿಯಲಿಲ್ಲ. ಗಾಡಿ ರಸ್ತೆ ಬಿಟ್ಟು ಜಾಲಿಕಂಟಿಯಲ್ಲಿ ನುಗ್ಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ.

ಆದರೆ ಅಪ್ಪ ಮನೆಗೆ ಬಂದವನು ಮಾತು ಬಿಟ್ಟ. ಶೆಡ್ಡಿನ ಕಲ್ಲಿನ ಮೇಲೆ ಕೂತು ಎದುರಿನ ಗೋಡೆ ನೋಡುತ್ತಿದ್ದ. ಬೈದಿದ್ದರೆ ಛಲೋ ಇತ್ತು, ಬೈಯಲೂ ಇಲ್ಲ. ನಮಗೆಲ್ಲ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಹಾಗೆ ಇಡೀ ಮನೆಗೇ ಹಿಡಿದಿತ್ತು. ಅವ್ವ ರೊಟ್ಟಿ ಬಡಿಯುವ ಸಪ್ಪಳ ಎಲ್ಲೋ ದೂರದ ಮನೆಯಿಂದ ಬಂದಂಗ ಕೇಳುತ್ತಿತ್ತು. ನನಗೆ ಅಳುವೂ ಬರಲಿಲ್ಲ.

ಗಾಡಿ ರಿಪೇರಿಯಾಗಿ ಬಂತು. ಸಾವ್ಕಾರ್ರು ಶೆಡ್ಡಿನ ಬಾಗಿಲಲ್ಲಿ ನಿಂತು, "ಆಯಿತವಾರ ಧಾರವಾಡದ ಮಾಳಮಡ್ಡಿಗೆ ಹೋಗಿ ಮಗಳ್ನ ಕರಕೊಂಡು ಬರಬೇಕು. ನೀ ಹೊಡದ್ರ ಹೊಡಿ. ಇಲ್ಲಾಂದ್ರ ಬ್ಯಾರೇ ಡ್ರೈವರ್ ಬರ್ತಾನ, ಅವಗ ಈ ಖೋಲಿ ಬೇಕಾಗ್ತೈತಿ" ಅಂದರು. ಅವ್ವ ಪಾತ್ರೆಗಳನ್ನು ಒಂದರೊಳಗೊಂದು ಇಡತೊಡಗಿದಳು, ಯಾರೂ ಹೇಳದೆಯೇ.

ಶನಿವಾರ ಮುಂಜಾನೆ ಅಕ್ಕ ಶೆಡ್ಡಿನ ಕಸ ಹೊಡೆಯುತ್ತಿದ್ದಳು. ಗಾಲಿಯ ಮುಂದಿನ ಇಟ್ಟಿಗೆಯನ್ನು ಸರಿಸಿ, ಗಾಡಿಯ ಬೆನ್ನಿಗೆ ಆತು ನಿಂತು ಧೂಳು ಒರೆಸಿದಳು. ಗಾಡಿ ಸದ್ದಿಲ್ಲದೆ ಮುಂದಕ್ಕೆ ಹೊರಟಿತು!

"ಅಪ್ಪಾ, ಹೊಂಟೈತಿ!" ಅಂತ ನಾವಿಬ್ಬರೂ ಕಿರುಚಿದೆವು.

ಅಪ್ಪ ಜಿಗಿದು ಗಾಲಿಗೆ ಇಟ್ಟಿಗೆ ಕೊಟ್ಟ. ಒಳಗೆ ಬಗ್ಗಿ ನೋಡಿ, "ಗೇರ್‌ನಾಗ ಐತಲ್ಲ! ಗೇರ್‌ನಾಗ ಇದ್ರೂ ಹೆಂಗ ಉಳ್ಳತೈತಿ?" ಅಂದ. ಎಷ್ಟೋ ದಿನಕ್ಕೆ ಕೇಳಿದ ಮಾತು ಅದು. ಹಳೇ ಗಾಡಿಯಲ್ಲಿ ಇಲ್ಲದ್ದು ಆ ಹಿಡಿ ಒಂದೇ. ಅದನ್ನು ಹೊರಗೆ ಎಳೆದ, ಇಟ್ಟಿಗೆ ತೆಗೆದ.

"ದೂಡ್ರಿ."

ದೂಡಿದೆವು. ಅವ್ವನೂ ಹಿಟ್ಟಿನ ಕೈಯಲ್ಲೇ ಬಂದು ದೂಡಿದಳು. ಗಾಡಿ ಅಲುಗಲಿಲ್ಲ. ಅಪ್ಪ ಹಿಡಿಯನ್ನು ಒಳಗೆ ಒತ್ತಿದ. "ಈಗ ದೂಡ್ರಿ." ಗಾಡಿ ಬೆಣ್ಣೆಯಂಗ ಜಾರಿತು.

"ಎತ್ತು ಬಿಚ್ಚಿದ ಬಂಡಿ ಇದು" ಅಂದ ಅಪ್ಪ. "ಇಳುಕಲಿನಾಗ ಎತ್ತು ಹಿಂದಕ್ಕ ಜಗ್ಗಿ ಬಂಡಿ ಹಿಡೀತಾವಲ್ಲ? ಹಿಡಿ ಒಳಗ ಇದ್ದು ಕಾಲು ತೆಗದ್ರ ಎತ್ತು ಬಿಚ್ಚಿದಂಗ."

"ಹಂಗಾರ ಇಳುಕಲ್ ಬರೂದ್ರಾಗ ಎತ್ತು ಕಟ್ರಿ" ಅಂದಳು ಅವ್ವ.

ಆಯಿತವಾರ ಸಾವ್ಕಾರ್ರು ಗಾಡಿ ಹತ್ತಿದರು, ಅವರ ತಾಯಿ ತಾವೂ ಬರುವುದಾಗಿ ಹೇಳಿದರು. "ಇವನ ಸಣ್ಣ ಮಗಳ್ನ ಮುಂದ ಕೂಡಸ್ರಿ. ಆವಾಗ ಹುಷಾರಿಂದ ಹೊಡೀತಾನ" ಅಂತ ನನ್ನನ್ನೂ ಹತ್ತಿಸಿದರು. ಗಾಡಿಯೊಳಗೆ ಹೊಸ ಚರ್ಮದ ವಾಸನೆ. ನನ್ನ ಕೈಗಳು ಮಡಿಲಲ್ಲಿದ್ದವು, ನನ್ನವು ಅನ್ನಿಸಲಿಲ್ಲ. ಹೆದರಿಕೆಯೂ ಇರಲಿಲ್ಲ. ಗಿಡಗಳು ಬಂದವು, ಹೋದವು.

ಧಾರವಾಡದ ಕಡೆ ಸಪಾಟು ರಸ್ತೆ ಬಂದಾಗ ಅಪ್ಪ, ಹಿಡಿ ಒಳಗೇ ಇದ್ದಂತೆ, ವೇಗ ಏರಿಸಿ, ಒಂದು ಗಳಿಗೆ ಕಾಲು ಮೇಲೆತ್ತಿದ. ಕೆಳಗೆಲ್ಲೋ ಟಕ್ ಅಂತು. ಇಂಜಿನ್ನಿನ ಗದ್ದಲ ತಗ್ಗಿ, ಕಿಟಕಿಯ ಗಾಳಿಯ ಸಪ್ಪಳ ಕೇಳಿಸಿತು.

ಮಾಳಮಡ್ಡಿಯಿಂದ ಸಾವ್ಕಾರ್ರ ಮಗಳನ್ನು ಹತ್ತಿಸಿಕೊಂಡು ವಾಪಸ್ ಬರುವಾಗ, ಉಣಕಲ್ ಇಳುಕಲಿಗೆ ಮೊದಲು ಅಪ್ಪ ಗಾಡಿ ನಿಲ್ಲಿಸಿ ಹಿಡಿ ಹೊರಗೆ ಎಳೆದ.

"ಯಾಕ ನಿಂತಿ? ಹಿಡಿ ಯಾಕ ಎಳದಿ? ಪೆಟ್ರೋಲ್ ಹೋಗ್ತೈತಿ!" ಅಂದರು ಸಾವ್ಕಾರ್ರು.

ಹಿಂದಿನಿಂದ ಅವರ ತಾಯಿ, "ಸುಮ್ನ ಕುಂದ್ರೋ. ಹೋದ ಸಲ ನಿನ್ನ ಪೆಟ್ರೋಲ್ ಉಳಸಾಕ ಹೋಗಿ ನನ್ನ ಹಲ್ಲು ಉಳದದ್ದ ಹೆಚ್ಚಾತು" ಅಂದರು.

ಅಪ್ಪ ಸಣ್ಣ ಗೇರು ಹಾಕಿ ಕಾಲು ತೆಗೆದ. ಇಂಜಿನ್ನು ಗುರ್ ಅಂತ ಗಾಡಿಯನ್ನು ಹಿಡಿಯಿತು. ಹಿಂದೆ ನುಗ್ಗಿದ್ದ ಜಾಲಿಕಂಟಿ ಪಕ್ಕದಲ್ಲೇ ಮೆಲ್ಲಗೆ ದಾಟಿತು. ಬ್ರೇಕಿನ ವಾಸನೆ ಬರಲಿಲ್ಲ. ಕೆಳಗೆ ಕೆರೆಯ ನೀರು ಕಂಡಾಗ ನನ್ನ ಬೆರಳುಗಳಿಗೆ ಜುಂ ಅಂತ ಜೀವ ಬಂತು. ಆವಾಗ ನಾನು ಅತ್ತುಬಿಟ್ಟೆ ನೋಡ್ರಿ, ಜೋರಾಗಿ! ಅಪ್ಪ ನನ್ನ ಕಡೆ ನೋಡಿ, "ಏ ಹುಚ್ಚಿ, ಇಳದಾತಲ್ಲ" ಅಂದ.

ಮನೆ ಮುಂದೆ ಇಳಿದಾಗ ಸಾವ್ಕಾರ್ರು ಗಾಡಿಯ ಕೀಲಿಕೈ ವಾಪಸ್ ಕೇಳಲಿಲ್ಲ. "ನಾಳೆ ಲಗೂನ ಬಾ, ದುರ್ಗದಬೈಲಿಗೆ ಹೋಗೂದೈತಿ" ಅಂದರು, ಅಷ್ಟೇ. ಖೋಲಿ ನಮ್ಮದೇ ಉಳಿಯಿತು.

ನಿಮ್ಮ ಗಾಡಿಯಲ್ಲಿ ಗೇರು ತಾನೇ ಬೀಳುತ್ತದೆ ಮಕ್ಕಳೇ, ಇಳುಕಲು ಬಂದದ್ದು ನಿಮಗೆ ತಿಳಿಯುವುದೇ ಇಲ್ಲ. ಮನೆಯಲ್ಲಿ ನಿಮ್ಮ ಅಪ್ಪ, ಅಮ್ಮ, ನೀವು, ನಾನು ಒಂದೇ ಟೇಬಲ್ಲಿಗೆ ಕೂತು ಉಣ್ಣುತ್ತೇವೆ. ಅದರಲ್ಲಿ ನಿಮಗೆ ಹೊಸದೇನಿಲ್ಲ. ನಮ್ಮಲ್ಲಿ ಮೊದಲು ಅಪ್ಪ, ಆಮೇಲೆ ನಾವು, ಕಡೆಗೆ ಒಲೆಯ ಮುಂದೆ ಅವ್ವ ಒಬ್ಬಳೇ. ಆ ಸಂಜೆ ಬದನೆಕಾಯಿ ಪಲ್ಯ, ಬಿಸಿ ರೊಟ್ಟಿ, ಮೊಸರು. ಅಪ್ಪ ತಾಟು ಮುಟ್ಟದೆ, "ನೀನೂ ಬಾ, ಕುಂದ್ರು" ಅಂದ. "ಹುಚ್ಚು ಹಿಡದೈತೇನ್ರಿ?" ಅಂದಳು ಅವ್ವ. ಅಪ್ಪ ಉಣ್ಣಲೇ ಇಲ್ಲ. ಕಡೆಗೆ ಅವ್ವ ಬಂದು ಅಕ್ಕನ ಬದಿಗೆ ಕೂತಳು, ನಾಚಿಕೆಗೆ ಮುಖ ಗೋಡೆಗೆ ತಿರುಗಿಸಿಕೊಂಡು. ನಾವು ನಾಲ್ಕೂ ಮಂದಿ ಕೂಡಿ ಉಂಡೆವು.